ಐದು ನಿಮಿಷಕ್ಕೆ ಕೆಡುವ ಎಂಜಿನ್: ಸಿಮ್ಯುಲೇಟರ್ ಲೋಕದ ಹಳೆಯ ದೂರಿನ ಹಿನ್ನೆಲೆ

ಕಂಪ್ಯೂಟರಿನಲ್ಲಿ ಯುದ್ಧವಿಮಾನದ ಸಿಮ್ಯುಲೇಟರ್ ಹಾರಿಸುವವರ ನಡುವೆ ಇನ್ನೂ ಇತ್ಯರ್ಥವಾಗದ ತಕರಾರೊಂದಿದೆ. ಎರಡನೇ ಮಹಾಯುದ್ಧದ ಕಾಲದ ವಿಮಾನವನ್ನು ಪೂರ್ಣ ಶಕ್ತಿಯಲ್ಲಿ ಓಡಿಸುತ್ತಿರುವಾಗ, ಉಷ್ಣತೆ, ತೈಲದ ಒತ್ತಡ ಎಲ್ಲವೂ ಸರಿಯಾಗಿದ್ದರೂ ಎಂಜಿನ್ ಇದ್ದಕ್ಕಿದ್ದಂತೆ ಕೆಟ್ಟು ನಿಲ್ಲುತ್ತದೆ. ಆಟಗಾರ ಇದನ್ನು ದೋಷವೆಂದು ವರದಿ ಮಾಡುತ್ತಾನೆ. ಆ ವಿಮಾನದ ಕೈಪಿಡಿಯಲ್ಲಿ ಪೂರ್ಣ ಶಕ್ತಿಗೆ ಐದು ನಿಮಿಷ ಎಂದಿದೆ, ನೀವು ಅದನ್ನು ಮೀರಿದ್ದೀರಿ ಎಂಬ ಉತ್ತರ ಬಂದು ವರದಿ ಮುಚ್ಚಿಹೋಗುತ್ತದೆ. ಕೆಲವು ತಿಂಗಳು ಕಳೆದ ಮೇಲೆ ಇನ್ನೊಬ್ಬರು ಅದನ್ನೇ ಬರೆಯುತ್ತಾರೆ. ಹೀಗೆ ಮೇಲಿಂದ ಮೇಲೆ ಬಂದ ವರದಿಗಳಲ್ಲಿ ಮೂಲ ಪ್ರಶ್ನೆಯೇ ಹೂತುಹೋಗಿದೆ.

1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ಸಬ್‌ಲಾಜಿಕ್‌ನ ಫ್ಲೈಟ್ ಸಿಮ್ಯುಲೇಟರ್ ಬಂದಾಗ ಎಂಜಿನ್ ಎಂದರೆ ವಿಮಾನವನ್ನು ಮುಂದಕ್ಕೆ ತಳ್ಳುವ ಒಂದು ಸಂಖ್ಯೆ, ಅಷ್ಟೇ; ತೊಂಬತ್ತರ ದಶಕದುದ್ದಕ್ಕೂ ಪರಿಸ್ಥಿತಿ ಹೆಚ್ಚೇನೂ ಬದಲಾಗಲಿಲ್ಲ. 2001ರ ಸಿಮ್ಯುಲೇಟರ್ ಆಟ ಐಎಲ್-2 ಸ್ಟರ್ಮೊವಿಕ್‌ನಲ್ಲಿ ಎಂಜಿನ್ ಕಾಯತೊಡಗಿತು. ಬಿಸಿ ಹೆಚ್ಚಾಯಿತೆಂಬ ಸೂಚನೆ ಪರದೆಯ ಮೇಲೆ ಬಂದೊಡನೆ ಆಟಗಾರರು ಶಕ್ತಿ ಹೆಚ್ಚುಕಡಿಮೆ ಮಾಡುವ ಹಿಡಿಕೆಯಾದ ಥ್ರಾಟಲನ್ನು ತುಸು ಹಿಂದಕ್ಕೆಳೆದು, ಸೂಚನೆ ಹೋದ ಮೇಲೆ ಮತ್ತೆ ಪೂರ್ತಿ ಮುಂದಕ್ಕೆ ದೂಡುತ್ತಿದ್ದರು. 2012ರಲ್ಲಿ ಡಿಸಿಎಸ್ ಎಂಬ ಸಿಮ್ಯುಲೇಟರ್ ಸರಣಿಗೆ ಪಿ-51ಡಿ ಮಸ್ಟಾಂಗ್ ಸೇರಿದಾಗ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ), ತೈಲ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಒಂದೊಂದಕ್ಕೂ ಅದರದೇ ಲೆಕ್ಕಾಚಾರ ಬಂದಿತು.

ನಿಜವಾದ ಜಗಳ ಹತ್ತಿಕೊಂಡದ್ದು ಐಎಲ್-2 ಸರಣಿಯ 2014ರ ಆಟ ಬ್ಯಾಟಲ್ ಆಫ್ ಸ್ಟಾಲಿನ್‌ಗ್ರಾಡ್ ಮತ್ತು ಅದರ ಮುಂದಿನ ಭಾಗಗಳ ಸುತ್ತ. ಅಲ್ಲಿ ಶಕ್ತಿಯ ಒಂದೊಂದು ಹಂತಕ್ಕೂ ಕಾಲಮಿತಿ ಇತ್ತು. ಮಿತಿ ಮುಗಿದ ಸ್ವಲ್ಪ ಹೊತ್ತಿಗೆ ಎಂಜಿನ್‌ಗೆ ಹಾನಿ; ಶಕ್ತಿ ಇಳಿಸಿ ಕಾದರೆ ಕಳೆದ ಸಮಯ ಮತ್ತೆ ಜಮೆಯಾಗುತ್ತಿತ್ತು. ಆಟಗಾರರು ಶತ್ರುವಿನ ಮೇಲೆ ಒಂದು ಕಣ್ಣು, ಗಡಿಯಾರದ ಮೇಲೆ ಇನ್ನೊಂದು ಕಣ್ಣು ಇಟ್ಟು ಹಾರುವುದನ್ನು ರೂಢಿಸಿಕೊಂಡರು. ಹೆಚ್ಚು ಪೆಟ್ಟು ತಿಂದದ್ದು ಅಮೆರಿಕದ ವಿಮಾನಗಳು, ಅದರಲ್ಲೂ ಪಿ-40. ಇದರ ಕಾರಣ ಲೋಹದಲ್ಲಿ ಇರಲಿಲ್ಲ, ಕಾಗದದಲ್ಲಿತ್ತು. ಅಮೆರಿಕದ ಕೈಪಿಡಿಗಳು ಎಚ್ಚರಿಕೆಯಿಂದ ಕಡಿಮೆ ನಿಮಿಷಗಳನ್ನು ಬರೆದವು. ಬೇರೆ ದೇಶಗಳ ಕೈಪಿಡಿಗಳು ಬೇರೆ ಲೆಕ್ಕದಲ್ಲಿ ಬರೆದವು. ಎಲ್ಲವನ್ನೂ ಒಂದೇ ಬಗೆಯ ಗಡಿಯಾರಕ್ಕೆ ಕಟ್ಟಿದ್ದರಿಂದ, ಹೆಚ್ಚು ಜಾಗರೂಕತೆಯಿಂದ ಕೈಪಿಡಿ ಬರೆದವರ ವಿಮಾನವೇ ಆಟದಲ್ಲಿ ದುರ್ಬಲವಾಯಿತು.

ಕೈಪಿಡಿಯ ಆ ನಿಮಿಷಗಳು ಎಲ್ಲಿಂದ ಬಂದವು ಎಂಬುದನ್ನು ವಾದ ಮಾಡುವ ಎರಡೂ ಕಡೆಯವರು ಒಮ್ಮೆ ನೋಡಬೇಕು. ಮಸ್ಟಾಂಗ್‌ನ ಮರ್ಲಿನ್ ಎಂಜಿನ್‌ಗೆ 3,000 ಆರ್‌ಪಿಎಂನಲ್ಲಿ 61 ಇಂಚು ಪಾದರಸದಷ್ಟು ಮ್ಯಾನಿಫೋಲ್ಡ್ ಒತ್ತಡವನ್ನು (ಎಂಜಿನ್ನಿನೊಳಗೆ ಹೋಗುವ ಗಾಳಿಯ ಒತ್ತಡ; ಇದು ಹೆಚ್ಚಿದಷ್ಟೂ ಶಕ್ತಿ ಹೆಚ್ಚು) ಹದಿನೈದು ನಿಮಿಷ, 67 ಇಂಚನ್ನು ಐದು ನಿಮಿಷ ಬಳಸಬಹುದಿತ್ತು. 67ಕ್ಕೆ ಹೋಗಲು ಥ್ರಾಟಲ್‌ನ ದಾರಿಗೆ ಅಡ್ಡವಾಗಿ ಕಟ್ಟಿದ ತೆಳುವಾದ ತಂತಿಯನ್ನು ಪೈಲಟ್ ಒತ್ತಿ ಮುರಿಯಬೇಕಿತ್ತು. ವಿಮಾನ ಇಳಿದ ಮೇಲೆ ಮುರಿದ ತಂತಿಯನ್ನು ಕಂಡ ಮೆಕ್ಯಾನಿಕ್‌ಗೆ ಎಂಜಿನನ್ನು ತಪಾಸಣೆ ಮಾಡಬೇಕೆಂದು ಗೊತ್ತಾಗುತ್ತಿತ್ತು. ಆರನೇ ನಿಮಿಷಕ್ಕೆ ಒಡೆದುಹೋಗುವ ಯಂತ್ರಕ್ಕೆ ಇಂಥ ಏರ್ಪಾಡು ಬೇಕಾಗುವುದಿಲ್ಲ. ಅದು ಎಂಜಿನ್‌ನ ಆಯುಷ್ಯ ಕಾಯುವ ವ್ಯವಸ್ಥೆ. 1944ರಲ್ಲಿ ಬ್ರಿಟನ್ನಿನ ನೆಲೆಗಳಿಗೆ ಹೆಚ್ಚು ಒತ್ತಡ ತಾಳಬಲ್ಲ 150 ಗ್ರೇಡ್ ಇಂಧನ ಬಂದಾಗ ಇದೇ ಎಂಜಿನ್‌ನ ಮಿತಿಯನ್ನು 72 ಇಂಚಿಗೆ ಏರಿಸಿದರು.

ಪಿ-40ರ ಕಥೆ ಇನ್ನೂ ಸ್ಪಷ್ಟ. ಅದರ ಆಲಿಸನ್ ಎಂಜಿನ್‌ಗೆ ಮೊದಲು ನಿಗದಿಯಾಗಿದ್ದ ಗರಿಷ್ಠ ಒತ್ತಡ 45 ಇಂಚಿನ ಆಸುಪಾಸು. 1942ರ ಡಿಸೆಂಬರ್‌ನಲ್ಲಿ ತಯಾರಕ ಕಂಪನಿ ಬರೆದ ಪತ್ರವೊಂದರ ಪ್ರಕಾರ, ಮಧ್ಯಪ್ರಾಚ್ಯದ ಪೈಲಟ್‌ಗಳು 66 ಇಂಚು, ಆಸ್ಟ್ರೇಲಿಯಾದವರು 70 ಇಂಚಿನವರೆಗೂ ಬಳಸುತ್ತಿದ್ದರು. ಕಂಪನಿ ಇದನ್ನು ಮೆಚ್ಚಲಿಲ್ಲ, ಅಪಾಯದ ಎಚ್ಚರಿಕೆಯನ್ನೇ ಕೊಟ್ಟಿತು. ಆದರೂ ಆ ವಿಮಾನಗಳು ಕಾಳಗ ಮುಗಿಸಿ ನೆಲೆಗೆ ಮರಳುತ್ತಿದ್ದವು. ಸಿಮ್ಯುಲೇಟರ್‌ನಲ್ಲಿ ಇದೇ ವಿಮಾನ ಅದಕ್ಕಿಂತ ಎಷ್ಟೋ ಕಡಿಮೆ ಒತ್ತಡದಲ್ಲಿ ಕೆಲವೇ ನಿಮಿಷಕ್ಕೆ ಕೈಕೊಟ್ಟರೆ, ದೂರು ಕೊಟ್ಟವನನ್ನು ಸುಮ್ಮನಾಗಿಸುವುದು ನ್ಯಾಯವಲ್ಲ.

ಹಾಗೆಂದು ಎಲ್ಲ ಮಿತಿಗಳೂ ಅತಿಯಾದ ಎಚ್ಚರಿಕೆಯಿಂದ ಹುಟ್ಟಿದವಲ್ಲ. ಜರ್ಮನಿಯ ಬಿಎಫ್ 109ಜಿ ವಿಮಾನದ ಡಿಬಿ 605 ಎಂಜಿನ್ 1942ರಲ್ಲಿ ಸೇವೆಗೆ ಬಂದಾಗ 1.42 ಎಟಿಎ (ಜರ್ಮನರ ಒತ್ತಡದ ಅಳತೆ; ಒಂದು ಎಟಿಎ ಎಂದರೆ ಹೆಚ್ಚುಕಡಿಮೆ ವಾತಾವರಣದ ಒತ್ತಡದಷ್ಟು) ಒತ್ತಡದಲ್ಲಿ ನಿಜಕ್ಕೂ ಕೆಡುತ್ತಿತ್ತು, ಹೀಗಾಗಿ 1.30 ಎಟಿಎ ದಾಟಬಾರದೆಂಬ ನಿಷೇಧ ಬಂದು 1943ರವರೆಗೂ ಉಳಿಯಿತು. ಜೊತೆಗೆ, ಮಾಪಕಗಳೆಲ್ಲ ಸರಿಯಾಗಿದ್ದವು ಎಂಬ ಮಾತೂ ಪೂರ್ತಿ ಪುರಾವೆಯಾಗುವುದಿಲ್ಲ. ಸಿಲಿಂಡರಿನೊಳಗೆ ಇಂಧನ ಕ್ರಮವಾಗಿ ಉರಿಯದೆ ಒಮ್ಮೆಲೇ ಸಿಡಿಯುವ ಡೆಟೊನೇಶನ್ ಪಿಸ್ಟನ್‌ನಲ್ಲಿ ತೂತು ಬೀಳಿಸುವವರೆಗೂ ಕೂಲಂಟ್‌ನ ಮುಳ್ಳು ಅಲುಗದಿರಬಹುದು. ಬೇರಿಂಗ್ ಸವೆಯುವುದಂತೂ ಮಾಪಕಕ್ಕೆ ಕಾಣುವುದೇ ಕೊನೆಯ ಗಳಿಗೆಯಲ್ಲಿ. ಎಂಜಿನ್ ಮಾದರಿ ಬರೆಯುವವರಿಗೆ ಇದೇ ದೊಡ್ಡ ಇಕ್ಕಟ್ಟು: ಇವನ್ನೆಲ್ಲ ಲೆಕ್ಕ ಹಾಕುವಷ್ಟು ಮಾಹಿತಿ ಸಿಗುವುದಿಲ್ಲ, ಕೈಗೆ ಸಿಗುವುದು ಕೈಪಿಡಿಯ ನಿಮಿಷ.

ಹೀಗಿರುವಾಗ ವರದಿಯ ಗುಣಮಟ್ಟವೇ ನಿರ್ಣಾಯಕ. ಎಂಜಿನ್ ಬೇಗ ಕೆಡುತ್ತದೆ ಎಂದಷ್ಟೇ ಬರೆದರೆ ಯಾರಿಗೂ ಏನೂ ಮಾಡಲಾಗುವುದಿಲ್ಲ. ಕೆಟ್ಟದ್ದು ಬಿಸಿಯಿಂದಲೋ ಗಡಿಯಾರದಿಂದಲೋ ಎಂಬುದನ್ನು ಬೇರ್ಪಡಿಸಿ ತೋರಿಸಬೇಕು. ಅದಕ್ಕೊಂದು ಸರಳ ದಾರಿಯಿದೆ. ಪ್ರತಿ ಸಲವೂ ಅದೇ ವಿಮಾನ (ಉದಾಹರಣೆಗೆ ಮಸ್ಟಾಂಗ್), ಅದೇ ಇಂಧನ, 1,000 ಮೀಟರ್ ಎತ್ತರ, ಗಾಳಿಯಿಲ್ಲದ ಹವೆ, ನೇರ ಸಮತಲ ಹಾರಾಟ. ಮೊದಲು ನೆಲಮಟ್ಟದ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್ ಇಟ್ಟು, 67 ಇಂಚಿನಲ್ಲಿ ಎಂಜಿನ್ ಕೆಡುವವರೆಗೆ ಹಾರಿಸಬೇಕು. ಆಮೇಲೆ ಉಷ್ಣತೆಯನ್ನು ಮೈನಸ್ 15ಕ್ಕೆ ಇಳಿಸಿ ಅದನ್ನೇ ಮಾಡಬೇಕು. ಮೂರನೇ ಸಲ ರೇಡಿಯೇಟರ್ ಕದವನ್ನು ಕೈಯಾರೆ ಪೂರ್ತಿ ತೆರೆದಿಡಬೇಕು. ಬಿಸಿಯೇ ಕಾರಣವಾಗಿದ್ದರೆ ಮೂರು ಸಮಯಗಳೂ ಬೇರೆಯಾಗುತ್ತವೆ. ಮೂರರಲ್ಲೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಎಂಜಿನ್ ನಿಂತರೆ, ಕೊಂದದ್ದು ಬಿಸಿಯಲ್ಲ ಎಂದು ಧೈರ್ಯವಾಗಿ ಹೇಳಬಹುದು. ಒಂದು ಇಂಚು ಕಡಿಮೆ ಮಾಡಿದೊಡನೆ ಆಯುಷ್ಯ ನಾಲ್ಕೈದು ಪಟ್ಟು ಹೆಚ್ಚಿದರೆ ಅದೂ ಗಡಿಯಾರದ್ದೇ ಗುರುತು. ಹಾನಿ ಒತ್ತಡದ ಜೊತೆ ಮೆಲ್ಲಗೆ ಏರಬೇಕೇ ಹೊರತು ಒಂದು ಗೆರೆ ದಾಟಿದ ಕೂಡಲೇ ಧುಮುಕಬಾರದು.

ಇದರ ಜೊತೆ ಆಟದ ಆವೃತ್ತಿ ಸಂಖ್ಯೆ, ಬೇರೆಯವರು ಮಾಡಿದ ಮಾರ್ಪಾಡುಗಳನ್ನೆಲ್ಲ ತೆಗೆದು ಪರೀಕ್ಷಿಸಿದ ಮಾತು, ಸಾಧ್ಯವಾದಷ್ಟು ಚಿಕ್ಕದಾದ ಹಾರಾಟದ ರೆಕಾರ್ಡಿಂಗ್ ಇರಬೇಕು. ಒಂದು ಗಂಟೆಯ ಗುಂಪು ಕಾಳಗದ ರೆಕಾರ್ಡಿಂಗನ್ನು ಪೂರ್ತಿ ನೋಡುವ ವ್ಯವಧಾನ ಪರೀಕ್ಷಕರಿಗಿಲ್ಲ, ಇರಬೇಕೆಂದು ನಿರೀಕ್ಷಿಸುವುದೂ ಸರಿಯಲ್ಲ. ಇಷ್ಟೆಲ್ಲ ಒದಗಿಸಿದ ವರದಿಗೂ ಕೈಪಿಡಿಯ ಪುಟವೊಂದನ್ನೇ ಉತ್ತರವಾಗಿ ಕೊಟ್ಟರೆ, ಆಗ ಆಟಗಾರರ ಸಿಟ್ಟಿಗೆ ಅರ್ಥವಿದೆ.

ಜೆಟ್ ವಿಮಾನಗಳಲ್ಲಿ ದೂರಿನ ಸ್ವರೂಪ ಬೇರೆ. ಎಫ್-14ಎ ವಿಮಾನದ ಟಿಎಫ್30 ಎಂಜಿನ್ ಒಳಗಿನ ಗಾಳಿಯ ಹರಿವು ಕೆಟ್ಟು ಎಂಜಿನ್ ಶಕ್ತಿ ಕಳೆದುಕೊಳ್ಳುವ ಕಂಪ್ರೆಸರ್ ಸ್ಟಾಲ್‌ಗೆ ಕುಖ್ಯಾತವಾಗಿತ್ತು. ಅಲ್ಲಿ ಎಂಜಿನ್ ಕೈಕೊಡದಿದ್ದರೆ ಅದನ್ನೇ ದೋಷವೆಂದು ವರದಿ ಮಾಡಬೇಕಾಗುತ್ತದೆ.

ಕಂಪ್ಯೂಟರ್ ತಾನೇ ಹಾರಿಸುವ ವಿಮಾನಗಳ ವಿಷಯ ಮಾತ್ರ ಇಂದಿಗೂ ಹಾಗೆಯೇ ಉಳಿದಿದೆ. ಹಲವು ಸಿಮ್ಯುಲೇಟರ್‌ಗಳಲ್ಲಿ ಅವುಗಳಿಗೆ ಸರಳಗೊಳಿಸಿದ ಲೆಕ್ಕಾಚಾರವಿದೆ. ಆಟಗಾರ ಬಿಸಿಗೆ ಹೆದರಿ ಶಕ್ತಿ ಇಳಿಸುವ ಕಡಿದಾದ ಏರಿಕೆಯಲ್ಲಿ ಎದುರಾಳಿ ವಿಮಾನ ಪೂರ್ಣ ಶಕ್ತಿಯಲ್ಲೇ ಏರುತ್ತಾ ಹೋಗುತ್ತದೆ. ಆಕಾಶದ ತುಂಬ ಇಂಥ ವಿಮಾನಗಳಿದ್ದಾಗ ಪ್ರತಿಯೊಂದಕ್ಕೂ ಪೂರ್ಣ ಲೆಕ್ಕ ಹಾಕುವುದು ಪ್ರೊಸೆಸರ್‌ಗೆ ಭಾರವೆಂಬುದು ನಿಜ. ಆದರೆ ಉಷ್ಣತೆ ಮತ್ತು ಡೆಟೊನೇಶನ್ ಎರಡನ್ನಾದರೂ ಸ್ಥೂಲವಾಗಿ ಅವುಗಳಿಗೂ ಅನ್ವಯಿಸಬೇಕೆಂಬ ಬೇಡಿಕೆ ಅತಿಯಾದದ್ದಲ್ಲ. ಮುಂದಿನ ವರದಿಗಳು ಹೆಚ್ಚಾಗಿ ಬರಬೇಕಾದದ್ದು ಇದರ ಬಗ್ಗೆಯೇ.