ಒಂಟಿ ನಕ್ಷತ್ರ ಬಿಡಿಸಲಾರದ ಚಿತ್ರ

ಮುಪ್ಪಿನ ನಕ್ಷತ್ರ ಹೊರಚೆಲ್ಲಿದ ಅನಿಲದ ಮೋಡಕ್ಕೆ ಗ್ರಹೀಯ ನೀಹಾರಿಕೆ ಎಂಬ ಹೆಸರೇ ಒಂದು ತಪ್ಪು. 1780ರ ದಶಕದಲ್ಲಿ ಖಗೋಳಜ್ಞ ವಿಲಿಯಂ ಹರ್ಷೆಲ್ ದೂರದರ್ಶಕದಲ್ಲಿ ಕಂಡ ಮಸುಕು ಬಿಲ್ಲೆಗಳು ಅವರೇ ಪತ್ತೆ ಮಾಡಿದ್ದ ಯುರೇನಸ್ ಗ್ರಹವನ್ನು ಹೋಲುತ್ತಿದ್ದವು. ಹೆಸರು ಹಾಗೆ ಅಂಟಿಕೊಂಡಿತು. 1786ರಲ್ಲಿ ಅವರು ಗುರುತಿಸಿದ ಅಂಥದೊಂದು ಬಿಲ್ಲೆಯನ್ನು ನಾವೀಗ ಬೆಕ್ಕಿನ ಕಣ್ಣು ಎನ್ನುತ್ತೇವೆ.

1864ರ ಆಗಸ್ಟ್ 29ರ ರಾತ್ರಿ ಲಂಡನ್ನಿನ ಖಗೋಳಜ್ಞ ವಿಲಿಯಂ ಹಗಿನ್ಸ್, ಬೆಳಕನ್ನು ಬಣ್ಣಗಳಾಗಿ ಬಿಡಿಸಿ ತೋರುವ ತಮ್ಮ ರೋಹಿತದರ್ಶಕವನ್ನು ಇದೇ ನೀಹಾರಿಕೆಯತ್ತ ತಿರುಗಿಸಿದರು. ನಕ್ಷತ್ರಗಳ ಬೆಳಕಾದರೆ ಕಾಮನಬಿಲ್ಲಿನ ಪಟ್ಟಿಯಾಗಿ ಹರಡಬೇಕು. ಅಲ್ಲಿ ಕಂಡದ್ದು ಒಂದೇ ಒಂದು ಹೊಳೆಯುವ ಹಸಿರು ಗೆರೆ. ದಿಟ್ಟಿಸಿ ನೋಡಿದಾಗ ಪಕ್ಕದಲ್ಲಿ ಇನ್ನೆರಡು ಕ್ಷೀಣ ಗೆರೆಗಳು. ಅದು ನಕ್ಷತ್ರಗಳ ಗುಂಪಲ್ಲ, ಹೊಳೆಯುವ ಅನಿಲ! ಆದರೆ ಆ ಹಸಿರು ಗೆರೆ ಭೂಮಿಯ ಯಾವ ಮೂಲವಸ್ತುವಿಗೂ ಹೊಂದಲಿಲ್ಲ. ವಿಜ್ಞಾನಿಗಳು 'ನೆಬ್ಯುಲಿಯಂ' ಎಂಬ ಹೊಸ ಧಾತುವನ್ನೇ ಕಲ್ಪಿಸಿಕೊಂಡರು. ಅದು ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಮ್ಲಜನಕವೆಂದು ಅಮೆರಿಕದ ವಿಜ್ಞಾನಿ ಇರಾ ಬೋವೆನ್ ತೋರಿಸಿದ್ದು 1927ರಲ್ಲಿ. ನಾವು ಉಸಿರಾಡುವ ಅನಿಲವನ್ನೇ ಗುರುತಿಸಲು ಅರವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು.

ಈ ಅನಿಲ ಮುಪ್ಪಿನಲ್ಲಿ ಉಬ್ಬಿದ ಕೆಂಪು ದೈತ್ಯ ನಕ್ಷತ್ರಗಳು ಕಳಚಿದ ಮೈಯೆಂದೂ ನಡುವೆ ಉಳಿಯುವ ತಿರುಳು ಶ್ವೇತ ಕುಬ್ಜ ಎಂಬ ಪುಟ್ಟ, ದಟ್ಟ ನಕ್ಷತ್ರವಾಗುತ್ತದೆಂದೂ 1956ರಲ್ಲಿ ಸೋವಿಯತ್ ವಿಜ್ಞಾನಿ ಐಯೋಸಿಫ್ ಶ್ಕ್ಲೋವ್‌ಸ್ಕಿ ವಾದಿಸಿದರು. ಕಳಚುವ ಬಗೆಯನ್ನು 1978ರಲ್ಲಿ ಖಗೋಳಜ್ಞ ಸನ್ ಕ್ವೋಕ್ ಮತ್ತು ಸಂಗಡಿಗರು ಬಿಡಿಸಿಟ್ಟರು. ಉಬ್ಬಿದ ನಕ್ಷತ್ರದಿಂದ ಮೊದಲು ಹೊರಡುವ ಅನಿಲದ ಗಾಳಿ ದಟ್ಟ, ನಿಧಾನ: ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್. ತಿರುಳು ಬಯಲಾದ ಮೇಲೆ ಬೀಸುವುದು ತೆಳುವಾದರೂ ಸೆಕೆಂಡಿಗೆ ಸಾವಿರ ಕಿಲೋಮೀಟರ್ ದಾಟುವ ಗಾಳಿ. ಪೊರಕೆ ಅಂಗಳದ ಧೂಳನ್ನು ಅಂಚಿಗೆ ತಳ್ಳಿ ಒಟ್ಟುವಂತೆ ಅದು ಹಳೆಯ ಅನಿಲವನ್ನು ಗುಡಿಸಿ ಚಿಪ್ಪಾಗಿಸುತ್ತದೆ. ತಿರುಳಿನ ನೇರಳಾತೀತ ಕಿರಣ ಆ ಚಿಪ್ಪನ್ನು ಬೆಳಗುತ್ತದೆ.

ಇಷ್ಟೇ ಆಗಿದ್ದರೆ ದುಂಡನೆಯ ನಕ್ಷತ್ರದಿಂದ ದುಂಡನೆಯ ಗುಳ್ಳೆ ಬರಬೇಕಿತ್ತು. ಹಬಲ್ ದೂರದರ್ಶಕ ತೋರಿಸಿದ್ದೇ ಬೇರೆ: ಚಿಟ್ಟೆ, ಮರಳುಗಡಿಯಾರ, ಎದುರುಬದುರು ಚಿಮ್ಮುವ ಧಾರೆಗಳು. ಬೆಕ್ಕಿನ ಕಣ್ಣಿನ ಸುತ್ತ ಕನಿಷ್ಠ ಹನ್ನೊಂದು ಬಳೆಗಳಿವೆ. ಸುಮಾರು 1,500 ವರ್ಷಕ್ಕೊಮ್ಮೆ ನಕ್ಷತ್ರ ಒಂದೊಂದು ಪದರವನ್ನು ಉಸಿರಿನಂತೆ ಹೊರಬಿಟ್ಟ ಗುರುತು. ಆದರೆ ಒಳಗೆ ಈ ಸಮಾಧಾನವಿಲ್ಲ, ಗೋಜಲೋ ಗೋಜಲು.

ನನಗೆ ಒಪ್ಪಿಗೆಯಾಗುವ ಉತ್ತರ ಜೊತೆಗಾರ ನಕ್ಷತ್ರ. ಹತ್ತಿರದಲ್ಲೇ ಸುತ್ತುವ ಸಂಗಾತಿ ಮಜ್ಜಿಗೆಯಲ್ಲಿ ಕಡೆಗೋಲು ಆಡಿದಂತೆ ಅನಿಲವನ್ನು ಕಡೆಯುತ್ತದೆ. ನಡುವಿನಲ್ಲಿ ದಪ್ಪ ತಟ್ಟೆ ಕಟ್ಟುತ್ತದೆ. ವೇಗದ ಗಾಳಿಗೆ ಅಲ್ಲಿ ದಾರಿಯಿಲ್ಲ, ಎರಡು ಧ್ರುವಗಳಲ್ಲಿ ನುಗ್ಗುತ್ತದೆ. ಚಿಟ್ಟೆಯ ರೆಕ್ಕೆ ಬಿಚ್ಚಿಕೊಳ್ಳುತ್ತದೆ. ಬೆಕ್ಕಿನ ಕಣ್ಣಿನೊಳಗೂ ಓಲಾಡುವ ಬುಗುರಿಯ ತುದಿಯಂತೆ ದಿಕ್ಕು ಬದಲಿಸಿದ ಧಾರೆಯೊಂದು ಚಿತ್ರ ಬರೆದಂತಿದೆ.

ಈ ಕಥೆಗೆ ಬೆಂಗಳೂರೂ ಒಂದು ಎಳೆ ಸೇರಿಸಿದೆ. ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಖಗೋಳಜ್ಞರು 2018ರಲ್ಲಿ, ಭಾರತದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕದಿಂದ, ಎನ್‌ಜಿಸಿ 40 ನೀಹಾರಿಕೆಯ ಸುತ್ತ ಕಣ್ಣಿಗೆ ಕಾಣುವ ಭಾಗಕ್ಕಿಂತ ಹಿರಿದಾದ ಪ್ರಭೆಯನ್ನು ಕಂಡರು.

2022ರ ಜುಲೈನಲ್ಲಿ ವೆಬ್ ಬಾಹ್ಯಾಕಾಶ ದೂರದರ್ಶಕದ ಮೊದಲ ಚಿತ್ರಗಳು ಬಂದಾಗ ದಕ್ಷಿಣ ಉಂಗುರ ನೀಹಾರಿಕೆಯೂ ಅವುಗಳಲ್ಲಿತ್ತು. ನಡುವೆ ಝಗಮಗಿಸುವ ನಕ್ಷತ್ರವೇ ಅನಿಲ ಕಳಚಿ ಸತ್ತದ್ದು ಎಂದು ಯಾರಿಗಾದರೂ ಅನ್ನಿಸಬೇಕು. ಅದಲ್ಲ, ಪಕ್ಕದಲ್ಲಿ ಧೂಳು ಸುತ್ತಿಕೊಂಡ ಮಂಕು ಚುಕ್ಕೆ. ಅನಿಲದ ಆಕಾರವನ್ನು ಓದಿದ ಸಂಶೋಧಕರು ಚಿತ್ರದಲ್ಲಿ ಕಾಣದ ಇನ್ನೂ ಎರಡಾದರೂ ಸಂಗಾತಿಗಳು ಅಲ್ಲಿ ಇರಬೇಕೆಂದು ಲೆಕ್ಕ ಹಾಕಿದ್ದಾರೆ.