ಟೇಲ್ ಲೈಟಿಗೂ ಬಿಳಿ ಎಲ್‌ಇಡಿನೇ ಆಗುತ್ತಾ? ಆಗಲ್ಲ ಮಾರಾಯ್ರೇ

ಪ್ರಶ್ನೆ: ನಮ್ದು ಟೆಂಪೋ ಟ್ರಾವೆಲರ್, ಒಳಗೇ ಉಳ್ಕೊಳ್ಳೋ ಹಾಗೆ ಕ್ಯಾಂಪರ್ ಮಾಡಿಸ್ಕೊಂಡಿದೀವಿ. ಒಳಗಿನ ಲೈಟು, ಹೊರಗಿನ ಪಾರ್ಕಿಂಗು, ಬ್ರೇಕು, ಇಂಡಿಕೇಟರು ಎಲ್ಲಾ ಎಲ್‌ಇಡಿ ಮಾಡ್ಸೋಣ ಅಂತ. ಅಂಗಡಿಯವ್ರು ಬಿಳಿದೇ ಒಂದು ಬಾಕ್ಸ್ ತಗೊಂಡ್ಬಿಡಿ, ಗ್ಲಾಸಿಗೆ ಬಣ್ಣ ಇದ್ಯಲ್ಲ, ಎಲ್ಲಾದಕ್ಕೂ ನಡೆಯುತ್ತೆ ಅಂದ್ರು. ಹೌದಾ?

ಉತ್ತರ: ಈ ಪ್ರಶ್ನೆ ಮಳೆಗಾಲ ಶುರುವಾಗೋ ಹೊತ್ತಿಗೆ ಪ್ರತಿ ವರ್ಷ ಬರುತ್ತೆ, ಗಾಡಿ ಹೆಸರು ಮಾತ್ರ ಬೇರೆ. ಒಳಗಡೆದು ಸುಲಭ, ಅದನ್ನ ಮೊದ್ಲು ಮುಗಿಸ್ತೀನಿ.

ಒಳಗೆ ಧೈರ್ಯವಾಗಿ ಹಾಕಿ. ಎರಡೂ ತುದೀಲಿ ಮೊನೆ ಇರೋ ಉದ್ದದ ಬಲ್ಬ್ 10 ವ್ಯಾಟಿಂದು ಆರು ಇದ್ರೆ 12 ವೋಲ್ಟಲ್ಲಿ 5 ಆಂಪ್ಸ್ ಎಳೆಯುತ್ತೆ, ಜೋಗದ ಹತ್ರ ಗಾಡಿ ನಿಲ್ಸ್ಕೊಂಡು ಸಂಜೆಯಿಂದ ನಾಲ್ಕು ಗಂಟೆ ಉರಿಸಿದ್ರೆ 20 ಎಎಚ್ (ಆಂಪ್ಸನ್ನ ಗಂಟೇಲಿ ಗುಣಿಸಿದ ಲೆಕ್ಕ) ಹೋಯ್ತು. 100 ಎಎಚ್ ಲೆಡ್ ಆಸಿಡ್ ಬ್ಯಾಟರೀನ ಅರ್ಧಕ್ಕಿಂತ ಕೆಳಗೆ ಇಳಿಸ್ಬಾರ್ದು, ಅಂದ್ರೆ ಕೈಗೆ ಸಿಗೋ 50ರಲ್ಲಿ 20 ಬರೀ ಲೈಟಿಗೆ. ಅದೇ ಜಾಗಕ್ಕೆ 1.2 ವ್ಯಾಟಿನ ಎಲ್‌ಇಡಿ ಆರು ಹಾಕಿದ್ರೆ ಅಷ್ಟೇ ಹೊತ್ತಿಗೆ ಎರಡೂವರೆ ಎಎಚ್ ಕೂಡ ಆಗಲ್ಲ. ಸೋಲಾರ್ ಇದೆ ಅಂತೀರಾ, ಆಷಾಢದಲ್ಲಿ ನಮ್ಮ ಕಡೆ ಪ್ಯಾನಲ್ ಮೇಲೆ ಬೀಳೋದು ಬಿಸಿಲಲ್ಲ, ಮಳೆ ಮತ್ತೆ ಮರದ ಎಲೆ.

ಹಳೇ ಬಲ್ಬ್ ಕೈಯಲ್ಲಿ ಹಿಡ್ಕೊಂಡೇ ಅಂಗಡಿಗೆ ಹೋಗಿ, ಉದ್ದ 31, 36, 39, 41 ಎಂಎಂ ಅಂತ ಬೇರೆ ಬೇರೆ ಇರುತ್ತೆ. ಹಾಕಿದ್ಮೇಲೆ ಉರೀಲಿಲ್ಲ ಅಂದ್ರೆ ಉಲ್ಟಾ ತಿರುಗ್ಸಿ ಹಾಕಿ, ಎಲ್‌ಇಡಿಗೆ ಪ್ಲಸ್ ಮೈನಸ್ ಇದೆ. ಆಮೇಲೆ ಹೆಸರಿಗೆ 12 ವೋಲ್ಟ್ ಆದ್ರೂ ಇಂಜಿನ್ ಓಡ್ವಾಗ, ಸೋಲಾರ್ ಚಾರ್ಜ್ ಆಗ್ವಾಗ 14.4ರ ತನಕ ಹೋಗುತ್ತೆ, ಬರೀ ರೆಸಿಸ್ಟರ್ ಇಟ್ಟಿರೋ ಅಗ್ಗದ ಬಲ್ಬ್ ಅಲ್ಲೇ ಸಾಯೋದು, 10ರಿಂದ 30 ವೋಲ್ಟ್ ಅಂತ ಬರೆದಿರೋದು ಕೇಳಿ ತಗೊಳ್ಳಿ. ಒಳಗಡೆ ಕತೆ ಇಷ್ಟೇ.

ಈಗ ಆ ಬಿಳಿ ಬಲ್ಬಿನ ಬಾಕ್ಸ್ ವಿಷಯ. ಅಂಗಡಿಯವ್ರು ಮೋಸ ಮಾಡ್ತಿದಾರೆ ಅಂತ ನಾನು ಹೇಳಲ್ಲ, ಅವ್ರ ಅಪ್ಪನ ಕಾಲದಿಂದ ಅದು ಸರಿಯಾಗೇ ಇತ್ತು. ಹಳೇ ಡಬಲ್ ಕಾಂಟ್ಯಾಕ್ಟ್ ಬಲ್ಬು, ಅಂದ್ರೆ ಒಂದೇ ಬಲ್ಬಲ್ಲಿ ಎರಡು ತಂತಿ, ಬ್ರೇಕಿಗೆ 21 ವ್ಯಾಟ್ ಪಾರ್ಕಿಂಗಿಗೆ 5 ವ್ಯಾಟ್, ಗಾಜು ಬಣ್ಣ ಇಲ್ದೆ ಪಾರದರ್ಶಕ, ಅದನ್ನೇ ಕೆಂಪು ಗ್ಲಾಸಿನ ಹಿಂದೆ ಹಾಕ್ತಿದ್ವಿ, ಕೆಂಪು ಬರ್ತಿತ್ತು. ಅದಕ್ಕೇ ಎಲ್ಲರ ತಲೇಲೂ ಕೂತ್ಬಿಟ್ಟಿದೆ, ಬೆಳಕು ಬಿಳಿ ಇದ್ರೆ ಸಾಕು, ಗ್ಲಾಸು ಅದಕ್ಕೆ ಬಣ್ಣ ಬಳಿಯುತ್ತೆ ಅಂತ.

ಗ್ಲಾಸು ಬಣ್ಣ ಬಳಿಯಲ್ಲ ಸ್ವಾಮಿ. ಅದು ಜರಡಿ. ಬಂದ ಬೆಳಕಲ್ಲಿ ಕೆಂಪು ಎಷ್ಟಿದ್ಯೋ ಅಷ್ಟನ್ನ ಹೊರಗೆ ಬಿಡುತ್ತೆ, ಉಳಿದಿದ್ದನ್ನ ತಾನೇ ಹೀರ್ಕೊಳ್ಳುತ್ತೆ. ಕಾದ ತಂತಿಯ ಬೆಳಕಲ್ಲಿ ಕೆಂಪು ಬೇಕಾದಷ್ಟಿತ್ತು, ಆ ಬೆಳಕೇ ಒಂದು ಥರ ಕೆಂಪು ಮಿಶ್ರಿತ ಹಳದಿ, ಸೋಸಿದ್ರೂ ಧಾರಾಳ ಉಳೀತಿತ್ತು. ಬಿಳಿ ಎಲ್‌ಇಡಿ ಒಳಗಿರೋದು ನಿಜವಾಗಿ ನೀಲಿ ಚಿಪ್ಪು, ಬೆಳಕಿನ ಅಲೆಯ ಉದ್ದ ಸುಮಾರು 450 ನ್ಯಾನೋಮೀಟರ್, ಅದರ ಮೇಲೆ ಹಳದಿ ಫಾಸ್ಫರ್, ಅಂದ್ರೆ ನೀಲಿ ಬೆಳಕು ತಗೊಂಡು ಹಳದಿ ಬೆಳಕು ಕೊಡೋ ಪುಡಿ, ಬಳಿದಿರ್ತಾರೆ, ನೀಲಿ ಹಳದಿ ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ ಅನ್ಸುತ್ತೆ. ಆ ನೀಲಿ ಎಲ್‌ಇಡಿ ಮಾಡಿದ್ದಕ್ಕೇ ಅಕಾಸಾಕಿ, ಅಮಾನೊ, ನಕಾಮುರ ಮೂವರಿಗೂ 2014ರಲ್ಲಿ ಫಿಸಿಕ್ಸ್ ನೊಬೆಲ್ ಸಿಕ್ಕಿದ್ದು. ಈ ಬಿಳಿಯಲ್ಲಿ ಅಚ್ಚ ಕೆಂಪು ತುಂಬಾ ಕಮ್ಮಿ. ಅದರಲ್ಲೂ ನಮ್ಮೋರಿಗೆ ಇಷ್ಟವಾಗೋ ಹಾಲಿನಂಥ 6500ಕೆ (ಕೆ ಅಂದ್ರೆ ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಬಿಳಿ ಇದ್ಯಲ್ಲ, ಅದರಲ್ಲಿ ಇನ್ನೂ ಕಮ್ಮಿ. ಹಾಗಾಗಿ ಅದನ್ನ ಕೆಂಪು ಗ್ಲಾಸಿನ ಹಿಂದೆ ಇಟ್ರೆ ದುಡ್ಡು ಕೊಟ್ಟು ತಂದ ಬೆಳಕಿನ ಮುಕ್ಕಾಲು ಪಾಲು ಗ್ಲಾಸೇ ತಿನ್ನುತ್ತೆ, ಹೊರಗೆ ಬರೋದು ಪಿಂಕ್ ಥರ ಏನೋ ಒಂದು. ಇಂಡಿಕೇಟರಿನ ಆರೆಂಜ್ ಗ್ಲಾಸಿನ ಹಿಂದೆ ಹಾಕಿದ್ರೆ ನಿಂಬೆಹಣ್ಣಿನ ಬಣ್ಣ.

ಕೆಂಪು ಎಲ್‌ಇಡಿ ಹಾಗಲ್ಲ, ಅದು ಹುಟ್ಟೋದೇ ಕೆಂಪಾಗಿ, 620-630 ನ್ಯಾನೋಮೀಟರ್ ಆಸುಪಾಸು, ಫಾಸ್ಫರ್ ಗೀಸ್ಫರ್ ಏನೂ ಬೇಡ. ಕೆಂಪು ಗ್ಲಾಸು ಅದನ್ನ ಹೆಚ್ಚು ಕಮ್ಮಿ ಪೂರ್ತಿ ಹೊರಗೆ ಬಿಡುತ್ತೆ. ಆದ್ರಿಂದ ಕೆಂಪು ಗ್ಲಾಸಿಗೆ ಕೆಂಪು ಎಲ್‌ಇಡಿ, ಆರೆಂಜ್ ಗ್ಲಾಸಿಗೆ ಆಂಬರ್ (ಕಿತ್ತಳೆ ಹಳದಿ) ಎಲ್‌ಇಡಿ, ಬಣ್ಣ ಇಲ್ದಿರೋ ಗ್ಲಾಸಿನ ರಿವರ್ಸ್ ಲೈಟಿಗೆ ಮಾತ್ರ ಬಿಳಿ. ಇದನ್ನ ಗೋಡೆ ಮೇಲೆ ಬರೆದು ಹಾಕಿ ಅಂತ ಎಷ್ಟೋ ಜನಕ್ಕೆ ಹೇಳಿದೀನಿ, ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಪ್ರಶ್ನೆ.

ತಕ್ಷಣ ಒಬ್ರು ಹೇಳ್ತಾರೆ, ನಾನು ಬಿಳಿನೇ ಹಾಕ್ಸಿದೀನಿ, ಸಖತ್ ಬ್ರೈಟ್ ಇದೆ, ಫೋಟೋ ನೋಡಿ ಅಂತ. ಫೋಟೋ ಬೇಡ. ಫೋನ್ ಕ್ಯಾಮೆರಾ ಕತ್ಲೆ ಆದ್ರೆ ತಾನೇ ಬೆಳಕು ಏರಿಸ್ಕೊಳ್ಳುತ್ತೆ, ಅದರ ಸಾಕ್ಷಿ ನಂಬೋಕಾಗಲ್ಲ. ಗ್ಯಾರೇಜಲ್ಲಿ ಎರಡಡಿ ದೂರದಿಂದ ನೋಡಿದ್ರೆ ಯಾವ ಬಲ್ಬಾದ್ರೂ ಕಣ್ಣು ಕುಕ್ಕುತ್ತೆ. ಒಂದು ಕಡೆ ಹಳೇ ಬಲ್ಬೇ ಬಿಡಿ, ಇನ್ನೊಂದು ಕಡೆ ಬಿಳಿ ಎಲ್‌ಇಡಿ ಹಾಕಿ, ಮುಸ್ಸಂಜೆ ಹೊತ್ತಲ್ಲಿ ಗಾಡಿ ಹಿಂದೆ ನೂರು ಹೆಜ್ಜೆ ನಡೆದು ಹೋಗಿ ತಿರುಗಿ ನೋಡಿ. ಆಗುಂಬೆ ಘಾಟಿಯ 14 ತಿರುವಲ್ಲಿ ಮಂಜು ಇಳಿದಾಗ ಹಿಂದಿನ ಬಸ್ಸಿನ ಡ್ರೈವರಿಗೆ ಕಾಣೋದು ಆ ದೂರದ ಬೆಳಕೇ ಹೊರತು ನಿಮ್ಮ ಫೋಟೋ ಅಲ್ಲ.

ಪಿಂಕಿಗಿಂತ ದೊಡ್ಡ ಅಪಾಯ ಇನ್ನೊಂದಿದೆ. ಹಳೇ ಬಲ್ಬಲ್ಲಿ ಬ್ರೇಕಿನ ತಂತಿ ಸುಮಾರು 440 ಲ್ಯೂಮೆನ್ (ಬೆಳಕು ಎಷ್ಟು ಅನ್ನೋ ಅಳತೆ), ಪಾರ್ಕಿಂಗಿನ ತಂತಿ 35, ಅಂದ್ರೆ ಹನ್ನೆರಡು ಪಟ್ಟು ವ್ಯತ್ಯಾಸ, ಬ್ರೇಕ್ ಒತ್ತಿದ್ರೆ ಹಿಂದಿನವ್ರಿಗೆ ಹೊಡೆದ ಹಾಗೆ ಗೊತ್ತಾಗುತ್ತೆ. ಅಗ್ಗದ ಎಲ್‌ಇಡೀಲಿ ಈ ಅಂತರನೇ ಇರಲ್ಲ, ಪಾರ್ಕಿಂಗ್ ಹಾಕಿದ್ರೂ ಜೋರು, ಬ್ರೇಕ್ ಒತ್ತಿದ್ರೂ ಅಷ್ಟೇ ಜೋರು. ಬಾಕ್ಸ್ ಮೇಲೆ 2000 ಲ್ಯೂಮೆನ್ ಅಂತ ಬರೆದಿರೋದನ್ನ ಪಕ್ಕಕ್ಕಿಡಿ, ಅಂಗಡೀಲೇ ಬ್ಯಾಟರಿಗೆ ಹಿಡ್ದು ಎರಡೂ ಉರಿಸಿ ತೋರ್ಸಿ ಅನ್ನಿ.

ಕೆಂಪು ಗ್ಲಾಸಿಗೆ ಕೆಂಪು ಎಲ್‌ಇಡಿ ಹಾಕಿಯೂ ಕೆಡೋ ಜಾಗ ಒಂದಿದೆ. ಕೆಲವು ಹಳೇ ಟೇಲ್ ಲ್ಯಾಂಪಲ್ಲಿ ಕೆಳಗಡೆ ಒಂದು ಪಾರದರ್ಶಕ ಕಿಟಕಿ ಇರುತ್ತೆ, ಅದೇ ಬಲ್ಬೇ ನಂಬರ್ ಪ್ಲೇಟಿಗೂ ಬೆಳಕು ಕೊಡುತ್ತೆ. ಅಲ್ಲಿ ಕೆಂಪು ಎಲ್‌ಇಡಿ ಹಾಕಿದ್ರೆ ನಂಬರ್ ಪ್ಲೇಟೂ ಕೆಂಪು, ನಿಯಮದಲ್ಲಿ ಅದಕ್ಕೆ ಬಿಳಿ ಬೆಳಕೇ ಬೇಕು, 15 ಮೀಟರಿಂದ ಓದೋ ಹಾಗಿರ್ಬೇಕು. ಅಂಥ ಲ್ಯಾಂಪ್ ಇದ್ರೆ ಹಳೇ ಬಲ್ಬೇ ಬಿಟ್ಬಿಡಿ, ಓಡ್ವಾಗ ಆಲ್ಟರ್ನೇಟರ್ ಕರೆಂಟ್ ಕೊಡುತ್ತೆ, ಉಳಿತಾಯ ಮಾಡಿ ಎಂತ ಮಾಡ್ತೀರಿ?

ಇಂಡಿಕೇಟರಿಗೆ ಎಲ್‌ಇಡಿ ಹಾಕಿದ್ಮೇಲೆ ಟಿಕ್‌ಟಿಕ್‌ಟಿಕ್ ಅಂತ ಜೋರಾಗಿ ಹೊಡ್ಕೊಂಡ್ರೆ ವೈರಿಂಗ್ ಹಾಳಾಗಿಲ್ಲ, ಎಲ್‌ಇಡಿ ಎಳೆಯೋ ಕರೆಂಟ್ ಕಮ್ಮಿ ಆಗಿದ್ದಕ್ಕೆ, ಇಂಡಿಕೇಟರ್ ಮಿಣುಕಿಸೋ ಫ್ಲಾಷರ್ ಅನ್ನೋ ಡಬ್ಬಿ ಬಲ್ಬ್ ಹೋಗಿದೆ ಅಂದ್ಕೊಂಡಿದೆ ಅಷ್ಟೇ. ಎಲ್‌ಇಡಿ ಫ್ಲಾಷರ್ ಹಾಕಿ. ರೆಸಿಸ್ಟರ್ ಹಾಕ್ಕೊಡ್ತೀನಿ ಅಂದ್ರೆ ಬೇಡ ಅನ್ನಿ, 6 ಓಮಿಂದು ಅಂದ್ರೆ 12 ವೋಲ್ಟಲ್ಲಿ 24 ವ್ಯಾಟ್ ಬಿಸಿ, ಉಳಿಸಿದ ಕರೆಂಟ್ ಪೂರ್ತಿ ಅಲ್ಲೇ ಸುಟ್ಟು ಪಕ್ಕದ ಪ್ಲಾಸ್ಟಿಕ್ಕೂ ಕರಗುತ್ತೆ.

ಮಲೆನಾಡಿನೋರಿಗೆ ಅಂತಲೇ ಒಂದು ಮಾತು. ಹಳೇ ಬಲ್ಬಿನ ಬಿಸಿ ಲ್ಯಾಂಪ್ ಒಳಗಿನ ತೇವನ ಒಣಗಿಸ್ತಿತ್ತು. ಎಲ್‌ಇಡಿಗೆ ಅಷ್ಟು ಬಿಸಿ ಇಲ್ಲ, ಗ್ಲಾಸಿನ ಒಳಗೆ ಹಬೆ ಕೂತ್ರೆ ಕೂತೇ ಇರುತ್ತೆ, ಹೋಲ್ಡರಿಗೆ ಹಸಿರು ಕಿಲುಬು ಬರುತ್ತೆ. ಬಲ್ಬ್ ಬದಲಾಯಿಸ್ವಾಗ್ಲೇ ಎಮರಿ ಪೇಪರಲ್ಲಿ ಹೋಲ್ಡರ್ ಉಜ್ಜಿ, ಗ್ಲಾಸಿನ ಸುತ್ತಿನ ರಬ್ಬರ್ ಹೊಸದು ಹಾಕ್ಸಿ.

ನೀವು ಕೇಳಿಲ್ಲ, ಆದ್ರೂ ಇದೇ ಲೆಕ್ಕದ ಇನ್ನೊಂದು ವಿಷಯ ಹೇಳ್ಬಿಡ್ತೀನಿ. ಬಾಗಿಲ ಮೇಲೆ ಹೊರಗಡೆ ಒಂದು ಲೈಟ್ ಇರುತ್ತಲ್ಲ, ಕುರ್ಚಿ ಹಾಕ್ಕೊಂಡು ಕೂರೋ ಜಾಗಕ್ಕೆ. ಮೊದಲ ಮಳೆ ಬಿದ್ದ ಸಂಜೆ ಅಲ್ಲಿ 6500ಕೆ ಬಿಳಿ ಹಾಕಿ ನೋಡಿ, ರೆಕ್ಕೆ ಹುಳ ಎಲ್ಲಾ ನಿಮ್ಮ ಸಾರಿನ ಪಾತ್ರೇಲೇ ಇರುತ್ತೆ. ಹುಳಗಳ ಕಣ್ಣು ಜಾಸ್ತಿ ಹಿಡಿಯೋದು ಅಲ್ಟ್ರಾವಯೊಲೆಟ್, ನೀಲಿ, ಹಸಿರು, ಈ ಹಾಲು ಬಿಳೀಲಿ ಇರೋದು ಅದೇ ನೀಲಿ. ಅಲ್ಲಿಗೆ ಆಂಬರ್ ಹಾಕಿ, ಇಲ್ಲಾಂದ್ರೆ 2700ಕೆ ವಾರ್ಮ್. ಪೂರ್ತಿ ನಿಲ್ಲಲ್ಲ, ಆದ್ರೆ ಊಟ ಮಾಡೋ ಹಾಗಾಗುತ್ತೆ. ಒಳಗೂ ವಾರ್ಮೇ ಒಳ್ಳೇದು, ಕೆಂಪು ಕಮ್ಮಿ ಇರೋ ಬೆಳಕಲ್ಲಿ ಟೊಮೇಟೊ ಸಾರೂ ಬೂದಿ ಬಣ್ಣಕ್ಕೆ ಕಾಣುತ್ತೆ, ಮನುಷ್ಯರ ಮುಖನೂ ಅಷ್ಟೇ.

ಹಾಗಾದ್ರೆ ಸೊಳ್ಳೆನೂ ಕಮ್ಮಿ ಆಗುತ್ತಾ ಅಂತ ಕೇಳ್ಬೇಡಿ. ಸೊಳ್ಳೆ ಬರೋದು ನಮ್ಮ ಉಸಿರು, ಮೈ ಬಿಸಿ ಹುಡ್ಕೊಂಡು, ಬಲ್ಬ್ ನೋಡ್ಕೊಂಡಲ್ಲ. ಅದಕ್ಕೆ ಕಿಟಕಿಗೆ ಮೆಶ್ ಹಾಕ್ಸಿ. ಇಂಬಳಕ್ಕೆ (ಕಾಡಿನ ಜಿಗಣೆ) ಹೊಗೆಸೊಪ್ಪು ಸುಣ್ಣ ಇದ್ದೇ ಇದೆ, ಅದಕ್ಕೂ ಎಲ್‌ಇಡಿ ಬರುತ್ತೆ ಅಂತ ಯಾರಾದ್ರೂ ಮಾರಿದ್ರೆ ತಗೊಳ್ಳೋ ಮೊದ್ಲು ನನಗೊಂದು ಮಾತು ಹೇಳಿ.