ಔಷಧಿಗೆ ಕೊನೆಯ ತಿರುವು ತೋರಿಸುವ ಎಂಆರ್‌ಐ

ಹಳೇ ಸ್ಪೀಕರ್ ಒಡೆದು ಅಯಸ್ಕಾಂತ ತೆಗೆದು ಮರಳಲ್ಲಿ ಎಳೆದಾಡಿದ್ದು ನೆನಪಿದೆಯಾ? ಮೈತುಂಬ ಕಪ್ಪು ಪುಡಿ ಮೆತ್ತಿಕೊಂಡು ಬರುತ್ತಿತ್ತು. ಅದರಲ್ಲಿ ಜಾಸ್ತಿ ಇರುವುದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಒಂದು ಆಕ್ಸೈಡ್. ಅದನ್ನೇ ಲ್ಯಾಬಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಗಾತ್ರಕ್ಕೆ ತಯಾರಿಸಿ, ಔಷಧಿ ಅಂಟಿಸಿ ರಕ್ತಕ್ಕೆ ಬಿಟ್ಟು, ಕ್ಯಾನ್ಸರ್ ಗಡ್ಡೆಯ ಹತ್ತಿರ ಅಯಸ್ಕಾಂತ ಹಿಡಿದರೆ ಔಷಧಿ ಅಲ್ಲೇ ನಿಲ್ಲಬೇಕು, ಅಲ್ವಾ?

ಈ ಆಸೆಗೆ ಕಾರಣ ಇದೆ. ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ಕೆಂಪು ಬಣ್ಣದ ಔಷಧಿ. ಗಡ್ಡೆಯನ್ನೂ ಹೊಡೆಯುತ್ತದೆ, ಹೃದಯಕ್ಕೂ ಪೆಟ್ಟು ಕೊಡುತ್ತದೆ. ಅದರ ಹತ್ತಿರದ ನೆಂಟ ಎಪಿರುಬಿಸಿನ್ ಅನ್ನು ಕಾಂತೀಯ ಕಣಗಳಿಗೆ ಕಟ್ಟಿ 14 ರೋಗಿಗಳಿಗೆ ಕೊಟ್ಟು ನೋಡಿದ ವರದಿ ಜರ್ಮನಿಯಿಂದ 1996ರಲ್ಲೇ ಬಂತು. ತೊಡಕು ಏನೆಂದರೆ, ದೂರ ಹೋದಂತೆ ಅಯಸ್ಕಾಂತದ ಸೆಳೆತ ಬೇಗ ಸೋಲುತ್ತದೆ. ಚರ್ಮದ ಕೆಳಗಿನ ಗಡ್ಡೆಗೆ ಸರಿ, ಹೊಟ್ಟೆಯೊಳಗಿನ ಲಿವರಿಗೆ ಸಾಲದು.

ಹಾಗಾದರೆ ದೊಡ್ಡ ಅಯಸ್ಕಾಂತ ತನ್ನಿ ಅಂತೀರಾ? ಆಸ್ಪತ್ರೆಯಲ್ಲೇ ಇದೆ: ಎಂಆರ್‌ಐ ಯಂತ್ರ. ಆದರೆ ಇಲ್ಲೊಂದು ತಮಾಷೆ. ಅದರ 1.5 ಟೆಸ್ಲಾ (ಅಯಸ್ಕಾಂತದ ಬಲದ ಅಳತೆ) ಕಾಂತಕ್ಷೇತ್ರ ಕೊಳವೆಯ ನಡುವೆ ಎಲ್ಲ ಕಡೆ ಒಂದೇ ಸಮ. ಹಾಗಿದ್ದಾಗ ಕಣ ಎತ್ತಲೂ ಸರಿಯದು, ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲ ಇದ್ದ ಹಾಗೆ. ಎಳೆಯಬೇಕಾದರೆ ಕ್ಷೇತ್ರದಲ್ಲಿ ಏರಿಳಿತ ಬೇಕು. ಚಿತ್ರ ತೆಗೆಯುವಾಗ ಟಕಟಕ ಸದ್ದು ಮಾಡುವ ಗ್ರೇಡಿಯೆಂಟ್ ತಂತಿ ಸುರುಳಿಗಳು ಮಾಡುವುದು ಅದನ್ನೇ. ದೊಡ್ಡ ಕ್ಷೇತ್ರ ಕಣವನ್ನು ಪೂರ್ತಿ ಅಯಸ್ಕಾಂತ ಮಾಡುತ್ತದೆ, ಸುರುಳಿಗಳು ಅದನ್ನು ಎಳೆಯುತ್ತವೆ.

ಕೆನಡಾದ ಮಾಂಟ್ರಿಯಲ್‌ನ ಸಂಶೋಧಕ ಸಿಲ್ವೆನ್ ಮಾರ್ಟೆಲ್ ತಂಡ 2007ರಲ್ಲಿ ಇದನ್ನು ಮಾಡಿ ತೋರಿಸಿತು. ಬದುಕಿರುವ ಹಂದಿಯ ಕುತ್ತಿಗೆಯ ರಕ್ತನಾಳದಲ್ಲಿ 1.5 ಮಿಲಿಮೀಟರ್ ಅಗಲದ, ಅಯಸ್ಕಾಂತಕ್ಕೆ ಅಂಟುವ ಲೋಹದ ಪುಟ್ಟ ಗುಂಡನ್ನು, ಸೆಕೆಂಡಿಗೆ ಸುಮಾರು 10 ಸೆಂಟಿಮೀಟರ್ ವೇಗದಲ್ಲಿ, ಮೊದಲೇ ಹಾಕಿದ ದಾರಿಯಲ್ಲಿ ಓಡಿಸಿದರು. ಒಂದು ಗಳಿಗೆ ಗುಂಡು ಎಲ್ಲಿದೆ ಅಂತ ನೋಡುವುದು, ಮರುಗಳಿಗೆ ಎಳೆಯುವುದು. ಎರಡೂ ಕೆಲಸ ಅದೇ ಯಂತ್ರದ್ದು.

ಗುಂಡು ಸರಿ, ನ್ಯಾನೋ ಕಣ? ಇಲ್ಲಿ ಗಾತ್ರವೇ ಶತ್ರು. ಕಣದ ಅಗಲ ಹತ್ತರಲ್ಲಿ ಒಂದಾದರೆ ಎಳೆತ ಸಾವಿರದಲ್ಲಿ ಒಂದಕ್ಕೆ ಇಳಿಯುತ್ತದೆ. ರಕ್ತದ ತಡೆ ಇಳಿಯುವುದು ಬರೀ ಹತ್ತು ಪಟ್ಟು. ಒಂಟಿ ನ್ಯಾನೋ ಕಣ ಹರಿವಿನಲ್ಲಿ ಸುಮ್ನೆ ಕೊಚ್ಚಿ ಹೋಗುತ್ತದೆ. ‘ನ್ಯಾನೋ’ ಅಂದ ಕೂಡಲೇ ಬೆರಗಾಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಅದಕ್ಕೇ 2011ರ ಪ್ರಯೋಗದಲ್ಲಿ ಅದೇ ತಂಡ ಕಣಗಳನ್ನು ಒಟ್ಟು ಕಟ್ಟಿತು. ದೇಹದಲ್ಲಿ ನಿಧಾನಕ್ಕೆ ಕರಗುವ ಪಾಲಿಮರ್ ಉಂಡೆ, ಒಳಗೆ ಕಬ್ಬಿಣ-ಕೋಬಾಲ್ಟ್ ನ್ಯಾನೋ ಕಣಗಳು, ಜೊತೆಗೆ ಡಾಕ್ಸೊರುಬಿಸಿನ್. ಉಂಡೆಯ ಅಗಲ ಸುಮಾರು 50 ಮೈಕ್ರಾನ್, ಒಂದು ತೆಳು ಕೂದಲಿನಷ್ಟು. ಮೊಲದ ಲಿವರಿಗೆ ಹೋಗುವ ನಾಳದವರೆಗೆ ಕ್ಯಾತಿಟರ್ ಎಂಬ ಸಪೂರ ಕೊಳವೆಯಲ್ಲೇ ಪ್ರಯಾಣ, ಬಸ್‌ಸ್ಟ್ಯಾಂಡಿನವರೆಗೆ ಬಸ್ಸಲ್ಲಿ ಬಂದ ಹಾಗೆ. ನಾಳ ಕವಲೊಡೆಯುವ ಆ ಕೊನೆಯ ತಿರುವಲ್ಲಿ ಮಾತ್ರ ಅಯಸ್ಕಾಂತದ ಕೆಲಸ: ಎಡಕ್ಕೋ, ಬಲಕ್ಕೋ. ಅಷ್ಟಕ್ಕೂ ಮಾಮೂಲಿ ಸುರುಳಿಗಳ ಬಲ ಸಾಲದೆ, ಹೆಚ್ಚು ಜೋರಾದವನ್ನು ಜೋಡಿಸಬೇಕಾಯಿತು.

ತಿರುವು ದಾಟಿದ ಉಂಡೆಗಳು ಮುಂದಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು, ಅಲ್ಲೇ ಕೂತು ಔಷಧಿ ಬಿಡುತ್ತವೆ. ಅವು ಎಲ್ಲಿ ಕೂತವು ಅಂತ ತಿಳಿಯಲು ಬೇರೆ ಪರೀಕ್ಷೆ ಬೇಕಿಲ್ಲ. ಕಬ್ಬಿಣ ಸುತ್ತಲಿನ ಕ್ಷೇತ್ರವನ್ನು ಕೆಡಿಸುವುದರಿಂದ, ಅದೇ ಎಂಆರ್‌ಐ ಚಿತ್ರದಲ್ಲಿ ಲಿವರಿನ ಆ ಭಾಗ ಮಸಿ ಬಳಿದಂತೆ ಕಪ್ಪಾಗಿ ಕಾಣುತ್ತದೆ.